ಮಾರಿಸ್ ಗಾಡಿಯ ಬೆಳಗಿನ ಸದ್ದು

ಹೊಳೆದಂಡೆಯಲ್ಲಿ ಒಂದು ಹೊಂಗೆ ಮರ. ಮರದ ಕೆಳಗೆ ಒಂದು ತಗಡಿನ ಶೆಡ್ಡು. ಆ ಶೆಡ್ಡಿನಲ್ಲಿ ಚೆಲುವಯ್ಯ ಮೇಸ್ತ್ರಿ ಅಂತ ಒಬ್ಬರಿದ್ದರು.

ಹಳೇ ಕಾರು ಇಟ್ಟುಕೊಂಡವರಿಗೆ ಅದೇ ಆಶ್ರಮ. ಬೇರೆ ಕಡೆ ಕೈಚೆಲ್ಲಿದ ಗಾಡಿಗಳೆಲ್ಲ ಕೊನೆಗೆ ಅಲ್ಲಿಗೆ ಬರುತ್ತಿದ್ದವು. ಎಂಜಿನ್ ಎಷ್ಟು ಸವೆದಿದೆ, ಬಿಚ್ಚಬೇಕೋ, ಹಾಗೇ ಓಡಿಸಬಹುದೋ ಅಂತ ಮೇಸ್ತ್ರಿ ಒಂದು ಮಾತು ಹೇಳುತ್ತಿದ್ದರು. ಆ ಮಾತಿಗೆ ಯಾರೂ ಎದುರಾಡುತ್ತಿರಲಿಲ್ಲ.

ಶೆಡ್ಡಿಗೆ ಒಂದು ಪದ್ಧತಿ ಇತ್ತು. ಸವೆತ ನೋಡಬೇಕಾದ ಗಾಡಿ ರಾತ್ರಿಯೆಲ್ಲ ಹೊಂಗೆ ಮರದ ಕೆಳಗೆ ನಿಲ್ಲಬೇಕು. ಬೆಳಗಾಗುತ್ತಿದ್ದ ಹಾಗೆ ಅದರ ಯಜಮಾನರೇ ಬಂದು ತಮ್ಮ ಕೈಯಾರೆ ಸ್ಟಾರ್ಟ್ ಮಾಡಬೇಕು. ಅದಕ್ಕೆ ಮುಂಚೆ ಇನ್ನೊಬ್ಬರು ಕೀ ಮುಟ್ಟುವ ಹಾಗಿಲ್ಲ.

"ಯಾಕೆ ಮೇಸ್ತ್ರಿ?" ಅಂತ ಶಿಷ್ಯ ಮರಿಸ್ವಾಮಿ ಸೇರಿದ ಹೊಸದರಲ್ಲಿ ಕೇಳಿದ್ದ.

"ಬೆಳಿಗ್ಗೆ ಎದ್ದ ತಕ್ಷಣ ಕನ್ನಡೀಲಿ ನಿನ್ನ ಮುಖ ನೋಡ್ಕೊಂಡಿದೀಯೇನೋ?"

"ನೋಡ್ಕೊಂಡಿದೀನಿ."

"ಅದೇ ನಿನ್ನ ನಿಜವಾದ ಮುಖ. ಆಮೇಲಿಂದೆಲ್ಲ ಪೌಡ್ರು."

ಮಾತು ಸುಳ್ಳಲ್ಲ. ಎಂಜಿನ್ ಬಿಸಿಯಾದರೆ ಲೋಹ ಹಿಗ್ಗುತ್ತದೆ, ಸವೆದ ಸಂದುಗಳು ಮುಚ್ಚಿಕೊಳ್ಳುತ್ತವೆ. ಮುದಿ ಎಂಜಿನ್ನೂ ಮದುವಣಗಿತ್ತಿಯ ಹಾಗೆ ಮೆಲ್ಲಗೆ ಮಾತಾಡುತ್ತದೆ. ತಣ್ಣಗಿದ್ದಾಗ ಮಾತ್ರ ಇದ್ದದ್ದು ಇದ್ದ ಹಾಗೆ ಹೇಳುತ್ತದೆ.

ಮೇಸ್ತ್ರಿಯ ಹತ್ತಿರ ತೋಳುದ್ದದ ಒಂದು ಸ್ಕ್ರೂಡ್ರೈವರ್ ಇತ್ತು. ಬೀಟೆ ಮರದ ಹಿಡಿ. ಅವರ ಗುರು ಅವರಿಗೆ ಕೊಟ್ಟದ್ದು. ಅದರ ತುದಿಯನ್ನು ಎಂಜಿನ್ನಿಗೆ ಊರಿ ಹಿಡಿಯನ್ನು ಕಿವಿಗೆ ಒತ್ತಿಕೊಂಡರೆ, ಒಳಗೆ ಯಾವುದು ಕೊರಗುತ್ತಿದೆ, ಯಾವುದು ಸುಮ್ಮನೆ ಗೊಣಗುತ್ತಿದೆ, ಎಲ್ಲ ತಿಳಿಯುತ್ತಿತ್ತು. ಕಿವಿ ತಾಗಿ ತಾಗಿ ಹಿಡಿಯ ಒಂದು ಪಕ್ಕ ನುಣ್ಣಗಾಗಿತ್ತು.

ಅಯ್ಯೋ, ಆ ಕಾಲ! ಭಾನುವಾರ ಬಂದರೆ ಹೊಳೆಗೆ ಗಾಡಿ ತೊಳೆಯಲು ಊರ ಕಾರುಗಳೆಲ್ಲ ಇಳಿಯುತ್ತಿದ್ದವು. ಮೇಸ್ತ್ರಿ ಹೊಂಗೆ ನೆರಳಲ್ಲಿ ಕಣ್ಣು ಮುಚ್ಚಿಕೊಂಡು ಮಲಗಿರೋರು. ಹಳೇ ಸೇತುವೆ ಮೇಲೆ ಸದ್ದಾದರೆ ಸಾಕು, "ಡಾಕ್ಟರ ಹಿಲ್‌ಮನ್ ಬಂತು ಕಣೋ, ಒಂದು ಪ್ಲಗ್ಗು ಸತ್ತಿದೆ" ಅನ್ನೋರು. ಮರಿಸ್ವಾಮಿ ಓಡಿಹೋಗಿ ನೋಡಿದರೆ ಪ್ಲಗ್ಗು ಸತ್ತೇ ಇರುತ್ತಿತ್ತು.

ಈಚೆಗೆ ಮೇಸ್ತ್ರಿ ಆ ಸ್ಕ್ರೂಡ್ರೈವರನ್ನು ಶಿಷ್ಯನ ಕೈಗೇ ಕೊಡುತ್ತಿದ್ದರು. "ನೀನೇ ಕೇಳಿ ಹೇಳು" ಅನ್ನುತ್ತಿದ್ದರು. ಮರಿಸ್ವಾಮಿಗೆ ಎದೆಯುಬ್ಬುತ್ತಿತ್ತು. ಮೀಸೆ ನರೆಯುವ ಮುಂಚೆ ಗುರುವಿನ ನಂಬಿಕೆ ಸಿಕ್ಕಿತಲ್ಲ ಅಂತ ಅವನು ಬೀಗುತ್ತಿದ್ದ.

ಹೀಗಿರುವಾಗ ಒಂದು ಸಂಜೆ ದೇವಾಜಮ್ಮಣ್ಣಿಯವರು ತಮ್ಮ ಮಾರಿಸ್ ಗಾಡಿಯನ್ನು ತಾವೇ ಓಡಿಸಿಕೊಂಡು ಬಂದರು.

ಹಸಿರು ಬಣ್ಣದ ಪುಟ್ಟ ಗಾಡಿ. ಮೀಟರು ತಿರುಗಿ ತಿರುಗಿ ಸೊನ್ನೆಗೆ ಬಂದು ಮತ್ತೆ ತಿರುಗಿತ್ತು. ಅಮ್ಮಣ್ಣಿಯವರ ತಲೆ ಪೂರ್ತಿ ಬೆಳ್ಳಗಾಗಿತ್ತು, ಬೆನ್ನು ಮಾತ್ರ ನೆಟ್ಟಗಿತ್ತು.

"ಮೇಸ್ತ್ರಿ, ನಮ್ಮ ಯಜಮಾನರು ಇದ್ದಾಗ ಪ್ರತಿ ವರ್ಷ ಬಿಳಿಗಿರಿರಂಗನ ಬೆಟ್ಟಕ್ಕೆ ಇದರಲ್ಲೇ ಹೋಗ್ತಿದ್ವಿ. ಅವರು ಹೋದ ಮೇಲೆ ಮನಸ್ಸೇ ಬಂದಿರಲಿಲ್ಲ. ಈ ಸಲ ನಾನೂ ನನ್ನ ತಂಗಿಯೂ ಹೋಗಬೇಕು ಅಂತಿದೀವಿ. ಇನ್ನೊಂದು ಸಲ ಹತ್ತುತ್ತಾ ಇದು?"

ಮೇಸ್ತ್ರಿ ಗಾಡಿಯನ್ನು ಒಂದು ಸುತ್ತು ಹಾಕಿದರು. ಆ ಎಂಜಿನ್ ಅವರ ಕೈಯಲ್ಲೇ ಆಗಲೇ ಮೂರು ಸಲ ಬಿಚ್ಚಿ ಕೊರೆಸಿದ್ದು.

"ಅಮ್ಮಣ್ಣಿ, ಸಿಲಿಂಡರ್ ಗೋಡೆ ತೆಳ್ಳಗಾಗಿದೆ. ಇನ್ನೊಂದು ಸಲ ಬಿಚ್ಚಿ ಕೊರೆಯೋಕೆ ಹೋಗಿ ಬಿರುಕು ಬಿಟ್ರೆ ಮುಗೀತು, ಗುಜರಿಗೇ."

"ಬಿಚ್ಚದೆ ಹೋದ್ರೆ?"

"ಒಳಗೆ ಬೇರಿಂಗ್ ಹೋಗಿದ್ರೆ ಘಾಟಿ ತಿರುವಲ್ಲಿ ಎಂಜಿನ್ ಕಚ್ಕೊಳ್ಳುತ್ತೆ. ಗಾಡಿ ಹಿಂದಕ್ಕೆ ಉರುಳುತ್ತೆ."

ಅಮ್ಮಣ್ಣಿಯವರು ಸ್ಟೇರಿಂಗ್ ಮೇಲಿನ ಕೈ ತೆಗೆಯಲಿಲ್ಲ.

"ಹಂಗಾದ್ರೆ ಸರಿಯಾಗಿ ನೋಡಿ ಹೇಳಿ. ನೀವು ಹೇಳಿದ ಹಂಗೆ ಮಾಡ್ತೀನಿ."

"ನಾನು ಹೇಳಲ್ಲ" ಅಂದರು ಮೇಸ್ತ್ರಿ. "ಮರಿಸ್ವಾಮಿ ಹೇಳ್ತಾನೆ."

ಆಮೇಲೆ ಶಿಷ್ಯನ ಕಡೆ ತಿರುಗಿ, "ಇದೊಂದು ಸರಿಯಾಗಿ ಹೇಳು, ಆ ಸ್ಕ್ರೂಡ್ರೈವರ್ ನಿಂದು" ಅಂದರು.

ಸ್ಕ್ರೂಡ್ರೈವರ್ ಅಂದರೆ ಶೆಡ್ಡೇ ಅಂತ ಮರಿಸ್ವಾಮಿಗೆ ಗೊತ್ತಿತ್ತು.

ಮರುದಿನ ಬೆಳಗಿನ ಜಾವ ಚಳಿ ಜಾಸ್ತಿ ಇತ್ತು. ಮಾರಿಸ್ ಮೇಲೆಲ್ಲ ಇಬ್ಬನಿ. ಮರಿಸ್ವಾಮಿಗೆ ಅದನ್ನು ನೋಡಿ ಅಯ್ಯೋ ಪಾಪ ಅನಿಸಿತು. ಅಮ್ಮಣ್ಣಿಯವರು ಅಷ್ಟೊಂದು ಆಸೆ ಇಟ್ಟುಕೊಂಡು ಬರುತ್ತಾರೆ. ಅವರ ಮುಂದೆ ಇದು ಕೆಮ್ಮಿ, ಉಗುಳಿ, ಸ್ಟಾರ್ಟೇ ಆಗದೆ ನಿಂತರೆ?

ಅವನು ಸುತ್ತ ನೋಡಿದ. ಯಾರೂ ಇರಲಿಲ್ಲ. ಕೀ ತಿರುಗಿಸಿ, ಅದರ ಸದ್ದಿಗೂ ಕಿವಿಗೊಡದೆ ಯಾರಾದರೂ ಬಂದಾರು ಅಂತ ರಸ್ತೆ ಕಡೆ ಹೋಗಿ ಕಾವಲು ನಿಂತು, ಸ್ವಲ್ಪ ಹೊತ್ತಾದ ಮೇಲೆ ಬಂದು ನಿಲ್ಲಿಸಿದ. ಬಾನೆಟ್ ಮೇಲಿನ ಇಬ್ಬನಿಯನ್ನು ಒರೆಸಿದ.

ಅಮ್ಮಣ್ಣಿಯವರು ಬಂದರು. ಮೇಸ್ತ್ರಿ ಬಂದರು. ಮೇಸ್ತ್ರಿ ಬಂದವರೇ ಬಾನೆಟ್ ಮೇಲೆ ಅಂಗೈ ಇಟ್ಟರು.

"ಅಮ್ಮಣ್ಣಿ, ಇವತ್ತು ಆಗಲ್ಲ. ನಾಳೆ ಬನ್ನಿ" ಅಂದರು.

ಇಡೀ ದಿನ ಅವರು ಶಿಷ್ಯನ ಜೊತೆ ಮಾತಾಡಲಿಲ್ಲ. ಸಂಜೆ ಮರಿಸ್ವಾಮಿ ತಡೆಯಲಾರದೆ ಎದುರಿಗೆ ಹೋಗಿ ನಿಂತ.

"ತಪ್ಪಾಯ್ತು ಮೇಸ್ತ್ರಿ. ಅಮ್ಮಣ್ಣಿಯವರ ಮುಂದೆ ಅದಕ್ಕೆ ಅವಮಾನ ಆಗಬಾರದು ಅಂತ..."

"ಡಾಕ್ಟರ ಹತ್ರ ಹೋಗೋವಾಗ ನಿಮ್ಮವ್ವ ಜ್ವರ ಇಳಿಸ್ಕೊಂಡು ಹೋಗ್ತಾಳೇನೋ?"

"ಇಲ್ಲ."

"ಮತ್ತೆ? ನಿಂಗೆ ಗಾಡಿ ಮೇಲೆ ಪ್ರೀತಿ ಜಾಸ್ತಿ. ಅದಕ್ಕೇ ಅದರ ಸವೆತ ಮುಚ್ಚಿಡ್ತೀಯ. ಹೋದ ವರ್ಷ ಆ ಫಿಯಟ್ಟಿಗೆ ಏನು ಮಾಡಿದ್ದೆ, ನೆನಪಿದೆಯಾ?"

ಮರಿಸ್ವಾಮಿ ತಲೆ ತಗ್ಗಿಸಿದ. ನೆನಪಿತ್ತು. ಎಂಜಿನ್ನಿನ ತಲೆಯಲ್ಲಿ ವಾಲ್ವುಗಳನ್ನು ಒತ್ತುವ ಟ್ಯಾಪೆಟ್ಟುಗಳಿಗೆ ಕೂದಲೆಳೆಯಷ್ಟು ಸಂದು ಬಿಡಬೇಕು. ಆ ಸಂದಿನಿಂದಲೇ ಹಳೇ ಗಾಡಿ ಚಿಟಚಿಟ ಅನ್ನೋದು. ಕೇಳೋಕೆ ಚೆನ್ನಾಗಿರಲಿ ಅಂತ ಅವನು ಸಂದು ಮುಚ್ಚಿ ಬಿಗಿ ಮಾಡಿದ್ದ. ಸದ್ದೇನೋ ನಿಂತಿತ್ತು. ದೂರದ ಪ್ರಯಾಣದಲ್ಲಿ ವಾಲ್ವು ಸುಟ್ಟು ಫಿಯಟ್ಟು ನಡುದಾರಿಯಲ್ಲಿ ಕೂತಿತ್ತು.

"ಇನ್ನು ಹಂಗೆ ಮಾಡಲ್ಲ" ಅಂದ.

ಮೇಸ್ತ್ರಿ ಹೋಗಿ ಶೆಡ್ಡಿಗೆ ಬೀಗ ಹಾಕಿದರು.

ಮರುದಿನ ಬೆಳಿಗ್ಗೆ ಮೇಸ್ತ್ರಿ ಬಾನೆಟ್ ಮೇಲೆ ಅಂಗೈ ಇಟ್ಟರು. ಮಂಜಿನ ಹಾಗೆ ತಣ್ಣಗಿತ್ತು.

"ಸ್ಟಾರ್ಟ್ ಮಾಡಿ ಅಮ್ಮಣ್ಣಿ."

ಗಾಡಿ ಕೆಮ್ಮಿತು. ಇನ್ನೊಂದು ಸಲ ಕೆಮ್ಮಿತು. ಹಿಂದಿನಿಂದ ನೀಲಿ ಹೊಗೆ ಬುಸ್ಸೆಂದಿತು. ಎಂಜಿನ್ ಹತ್ತಿಕೊಂಡಿತು, ಅದರ ಜೊತೆಗೇ ಒಳಗಿಂದ ಒಂದು ಬಡಿತ. ಟಕ್ ಟಕ್ ಟಕ್ ಟಕ್.

ಮರಿಸ್ವಾಮಿ ಸ್ಕ್ರೂಡ್ರೈವರ್ ಊರಿ ಕಿವಿಯಿಟ್ಟ. ಯಾರೋ ಒಳಗಿಂದ ಸುತ್ತಿಗೆ ಹಿಡಿದು ಹೊಡೆಯುತ್ತಿದ್ದರು.

"ಆಫ್ ಮಾಡಿ ಅಮ್ಮಣ್ಣಿ! ಬೇರಿಂಗ್ ಹೋಗಿದೆ! ಬಿಚ್ಚಲೇಬೇಕು!"

ಅಮ್ಮಣ್ಣಿಯವರ ಮುಖ ಸಪ್ಪಗಾಯಿತು. ಕೈ ಕೀ ಕಡೆ ಹೋಯಿತು. ಮೇಸ್ತ್ರಿ ಬೇಡ ಅಂತ ಕೈ ಅಡ್ಡ ಮಾಡಿದರು.

ಶೆಡ್ಡಿನೊಳಗೆ ಹೋಗಿ ಎರಡು ಲೋಟ ಟೀ ತಂದರು. ಒಂದನ್ನು ಮಾರಿಸ್‌ನ ಮಡ್‌ಗಾರ್ಡ್ ಮೇಲೆ ಇಟ್ಟರು. ಇನ್ನೊಂದನ್ನು ಶಿಷ್ಯನ ಕೈಗೆ ಕೊಟ್ಟರು.

"ಕುಡಿ."

"ಮೇಸ್ತ್ರಿ, ಇಲ್ಲಿ ಎಂಜಿನ್ ಒಡೆದು ಹೋಗ್ತಿದೆ..."

"ಟೀ ಕುಡಿ ಅಂದೆ."

ಮರಿಸ್ವಾಮಿ ಕುಡಿದ. ನಾಲಿಗೆ ಸುಟ್ಟಿತು. ಮೇಸ್ತ್ರಿ ತಮ್ಮ ಲೋಟವನ್ನು ಮುಟ್ಟಲಿಲ್ಲ. ಮಡ್‌ಗಾರ್ಡ್ ಮೇಲೆ ನಡುಗುತ್ತಿದ್ದ ಟೀಯನ್ನೇ ನೋಡುತ್ತಾ ನಿಂತರು.

ಮರಿಸ್ವಾಮಿಯ ಲೋಟ ಅರ್ಧ ಆಗುವ ಹೊತ್ತಿಗೆ ಬಡಿತ ಮೆತ್ತಗಾಯಿತು. ಲೋಟದ ತಳ ಕಾಣುವ ಹೊತ್ತಿಗೆ ಬಡಿತವೇ ಇರಲಿಲ್ಲ. ಟ್ಯಾಪೆಟ್ಟುಗಳ ಚಿಟಚಿಟ ಮಾತ್ರ ಉಳಿಯಿತು.

"ಈಗ ಹೇಳು" ಅಂದರು ಮೇಸ್ತ್ರಿ.

ಮರಿಸ್ವಾಮಿ ಮತ್ತೆ ಕಿವಿಯಿಟ್ಟು ಕೇಳಿದ. ಅವನಿಗೆ ನಾಚಿಕೆಯೂ ಆಯಿತು, ಖುಷಿಯೂ ಆಯಿತು.

"ಬೇರಿಂಗ್ ಅಲ್ಲ ಮೇಸ್ತ್ರಿ. ಬೇರಿಂಗ್ ಆಗಿದ್ರೆ ಬಿಸಿಯಾದಷ್ಟೂ ಜೋರಾಗಬೇಕಿತ್ತು. ಇದು ಪಿಸ್ಟನ್. ಸವೆದು ಸಡಿಲ ಆಗಿದೆ, ತಣ್ಣಗಿದ್ದಾಗ ಗೋಡೆಗೆ ಬಡಿಯುತ್ತೆ. ಬಿಸಿಯಾದ್ರೆ ಹಿಗ್ಗಿ ಕೂತ್ಕೊಳ್ಳುತ್ತೆ."

"ಎಷ್ಟು ದಿನದಿಂದ?"

"ಅದು ಹೇಗೆ ಹೇಳಲಿ?"

"ಎದುರಿಗೇ ಕೂತಿದಾರಲ್ಲ, ಕೇಳು."

ಅಮ್ಮಣ್ಣಿಯವರು ನಕ್ಕುಬಿಟ್ಟರು.

"ಆ ಟಕ್ ಟಕ್ಕಾ? ಅದು ನಮ್ಮ ಯಜಮಾನರ ಕಾಲದಿಂದ ಇದೆ. ಸ್ಟಾರ್ಟ್ ಮಾಡೋದು ಅವರು, ಓಡಿಸೋದು ನಾನು. ಅವರು ಕೂಗೋರು, 'ಲೇ, ಗಾಡಿ ಬಾಗಿಲು ತಟ್ತಾ ಇದೆ, ಬೇಗ ಬಾರೇ' ಅಂತ. ನಾನು ಸೆರಗು ಸರಿ ಮಾಡ್ಕೊಂಡು, ಬೀಗ ಹಾಕ್ಕೊಂಡು ಬರೋ ಹೊತ್ತಿಗೆ ನಿಂತೇ ಹೋಗಿರ್ತಿತ್ತು."

"ಮೊದಲೇ ಹೇಳಬಾರದಿತ್ತೇ ಅಮ್ಮಣ್ಣಿ?"

"ನೀನು ಕೇಳಲೇ ಇಲ್ಲವಲ್ಲಪ್ಪ, ಕಬ್ಬಿಣಕ್ಕೆ ಕಿವಿಯಿಟ್ಟುಬಿಟ್ಟೆ." ಅವರು ನಗುತ್ತಲೇ ಕಣ್ಣೊರೆಸಿಕೊಂಡರು. "ಅವರು ಹೋದ ಮೇಲೆ ಪಕ್ಕದ ಮನೆ ಹುಡುಗ ಸ್ಟಾರ್ಟ್ ಮಾಡಿ ಬಿಸಿ ಮಾಡಿಟ್ಟ ಮೇಲೇ ನಾನು ಹತ್ತೋದು. ಎಷ್ಟು ವರ್ಷ ಆಗಿತ್ತು ಅದನ್ನ ಕೇಳಿ. ಈಗ ಕೇಳಿದ್ರೆ ಅವರೇ ಕರೆದ ಹಂಗಾಯ್ತು."

ಮೇಸ್ತ್ರಿ ಮಡ್‌ಗಾರ್ಡ್ ಮೇಲಿನ ಲೋಟ ಕೆಳಗಿಟ್ಟು, ಹೊಳೆಯಿಂದ ರಸ್ತೆಗೆ ಏರುವ ದಿಣ್ಣೆಯನ್ನು ತೋರಿಸಿದರು.

"ಅಮ್ಮಣ್ಣಿ, ಹತ್ತಿಸಿ ಇಳಿಸಿ. ಮರಿ, ನೀನು ಹಿಂದೆ ಓಡು."

ಮರಿಸ್ವಾಮಿ ಓಡಿದ. ಎಪ್ಪತ್ತು ದಾಟಿದ ಹೆಂಗಸು ಗೇರು ಬದಲಾಯಿಸುತ್ತ ಸರಾಗವಾಗಿ ಹತ್ತುತ್ತಿದ್ದರೆ ಇವನು ಮೂಗು ಸೈಲೆನ್ಸರಿಗೆ ಕೊಟ್ಟುಕೊಂಡು ಏದುಸಿರು ಬಿಡುತ್ತಿದ್ದ. ವಾಪಸು ಬರುವಾಗ ಮೀಸೆಯೆಲ್ಲ ಮಸಿ.

"ಹೊಗೆ?"

"ಹತ್ತುವಾಗ ಇಲ್ಲ. ಇಳಿಯೋವಾಗ ಆಕ್ಸಿಲರೇಟರಿಂದ ಕಾಲು ತೆಗೆದು ಮತ್ತೆ ಒತ್ತಿದಾಗ ಒಂದೆಳೆ ನೀಲಿ ಬಂತು."

"ಅಂದ್ರೆ?"

"ವಾಲ್ವಿನ ಕಡೆಯಿಂದ ಸ್ವಲ್ಪ ಎಣ್ಣೆ ಇಳೀತಿದೆ. ಪಿಸ್ಟನ್ ರಿಂಗು ಇನ್ನೂ ಗಟ್ಟಿ ಇದೆ."

"ಉಸಿರು?"

ಮರಿಸ್ವಾಮಿ ಎಂಜಿನ್ನಿಗೆ ಎಣ್ಣೆ ಹಾಕುವ ಮುಚ್ಚಳ ತೆಗೆದು ಆ ತೂತಿನ ಬಾಯಿಗೆ ಅಂಗೈ ಹಿಡಿದ. "ಮೆಲ್ಲಗಿದೆ. ಬುಸುಗುಟ್ತಿಲ್ಲ."

"ಎಣ್ಣೆ?"

ಎಣ್ಣೆ ಅಳೆಯುವ ಕಡ್ಡಿ ಎಳೆದು ಒಂದು ತೊಟ್ಟನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಉಜ್ಜಿ ಬಿಸಿಲಿಗೆ ಹಿಡಿದ. "ಕಪ್ಪಗಿದೆ. ಲೋಹದ ಮಿಣುಕು ಇಲ್ಲ."

"ಹಂಗಾದ್ರೆ?"

ಮರಿಸ್ವಾಮಿ ಕೈಯನ್ನು ಚಿಂದಿಗೆ ಒರೆಸಿಕೊಂಡ.

"ಬಿಚ್ಚೋದು ಬೇಡ. ಬೆಟ್ಟ ಹತ್ತುತ್ತೆ."

ಮೇಸ್ತ್ರಿ ತಲೆಯಾಡಿಸಿದರು. ಲೋಟಗಳನ್ನು ಎತ್ತಿಕೊಂಡು ತೊಳೆಯಲು ಹೊಳೆಯಂಚಿಗೆ ಹೋದರು. ಮರಿಸ್ವಾಮಿಗೆ ಕುಣಿದಾಡುವ ಹಾಗಾಯಿತು.

ಅಮ್ಮಣ್ಣಿಯವರು ಕೀ ತಿರುಗಿಸಿ ಎಂಜಿನ್ ನಿಲ್ಲಿಸಿದರು. ಗಾಡಿ ಸುಮ್ಮನಾಯಿತು. ಹೊಳೆಯ ಸದ್ದು ಕೇಳಿಸಿತು. ಹೊಂಗೆ ಮರದಲ್ಲಿ ಗೊರವಂಕಗಳು ಜಗಳ ಶುರುಮಾಡಿದವು.

ಆಗ ನೀರಿನ ಕಡೆ ಮುಖ ಮಾಡಿ ಕೂತಿದ್ದ ಮೇಸ್ತ್ರಿ ತಿರುಗಿಯೂ ನೋಡದೆ ಕೂಗಿ ಹೇಳಿದರು.

"ಸಾಕು ಅಮ್ಮಣ್ಣಿ, ಆಫ್ ಮಾಡಿ. ಪೆಟ್ರೋಲು ದಂಡ."

ಮರಿಸ್ವಾಮಿ ಅಮ್ಮಣ್ಣಿಯವರ ಮುಖ ನೋಡಿದ. ಅಮ್ಮಣ್ಣಿಯವರು ಮರಿಸ್ವಾಮಿಯ ಮುಖ ನೋಡಿದರು.

"ಆಯ್ತು ಮೇಸ್ತ್ರಿ" ಅಂದರು ಅಮ್ಮಣ್ಣಿ, ಜೋರಾಗಿ. ಮೇಸ್ತ್ರಿ ಲೋಟ ತೊಳೆಯುತ್ತಲೇ ಇದ್ದರು.

"ಯಾವತ್ತಿಂದ ಹೀಗೆ?" ಅಮ್ಮಣ್ಣಿಯವರು ಮೆಲ್ಲಗೆ ಕೇಳಿದರು.

"ಗೊತ್ತಿಲ್ಲ ಅಮ್ಮಣ್ಣಿ."

"ಜೊತೇಲೇ ಇದೀಯಲ್ಲಪ್ಪ."

ಅವರು ಬೈಯಲಿಲ್ಲ, ಸುಮ್ಮನೆ ಕೇಳಿದರು. ಆದರೂ ಮರಿಸ್ವಾಮಿಗೆ ಕೆನ್ನೆಗೆ ಹೊಡೆದ ಹಾಗಾಯಿತು.

"ನಾಳೆ ಬೆಳಿಗ್ಗೆ ತಂಗೀನ ಕರ್ಕೊಂಡು ಬರ್ತೀನಿ. ಇಲ್ಲಿಂದಲೇ ಬೆಟ್ಟಕ್ಕೆ ಹೊರಡ್ತೀವಿ" ಅಂತ ಹೇಳಿ, ಗಾಡಿಯನ್ನು ಅಲ್ಲೇ ಬಿಟ್ಟು, ಅವರು ಆಟೋ ಹತ್ತಿ ಹೋದರು.

ಮರಿಸ್ವಾಮಿ ಹೊಂಗೆ ಮರಕ್ಕೆ ಒರಗಿ ಕೂತ. ಈಗ ಒಂದೊಂದೇ ನೆನಪಿಗೆ ಬಂತು. ಸೇತುವೆ ಮೇಲಿನ ಗಾಡಿಗಳ ಹೆಸರನ್ನು ಮೇಸ್ತ್ರಿ ಹೇಳಿ ಎಷ್ಟು ಕಾಲವಾಯಿತು? ಶೆಡ್ಡಿನ ರೇಡಿಯೋ ಕೆಟ್ಟಾಗ ಅವರು ಯಾಕೆ ಸರಿಮಾಡಿಕೊಳ್ಳಲಿಲ್ಲ? ಊಟಕ್ಕೆ ಕೂತರೆ ಪಕ್ಕದಲ್ಲಿ ಕೂರುತ್ತಿದ್ದವರು ಎದುರಿಗೆ ಕೂರಲು ಶುರುಮಾಡಿದ್ದು ಯಾವಾಗ? 'ನೀನೇ ಕೇಳಿ ಹೇಳು' ಅಂದಾಗಲೆಲ್ಲ ಅವನು ಬೀಗಿದ್ದ. ಬೇರೆ ಏನನ್ನೂ ಯೋಚಿಸಿರಲಿಲ್ಲ.

ದುಃಖದ ಬೆನ್ನಿಗೇ ಭಯ ಬಂತು. ಮೇಸ್ತ್ರಿ ತಲೆಯಾಡಿಸಿದ್ದರು ನಿಜ. ಯಾವ ಸದ್ದು ಕೇಳಿ ತಲೆಯಾಡಿಸಿದ್ದರು? ಹಾಗಾದರೆ ಅದು ಮೇಸ್ತ್ರಿಯ ಮಾತಲ್ಲ. ಅವನೊಬ್ಬನ ಮಾತು. ಅವನೊಬ್ಬನ ಕಿವಿ ನಂಬಿಕೊಂಡು ನಾಳೆ ಇಬ್ಬರು ಹೆಂಗಸರು ಘಾಟಿ ಹತ್ತುತ್ತಾರೆ. ಬೆಳಿಗ್ಗೆ ಅದೇ ಕಿವಿ ಪಿಸ್ಟನ್ನನ್ನು ಬೇರಿಂಗ್ ಅಂದಿತ್ತು.

ಮಧ್ಯಾಹ್ನ ಮೇಸ್ತ್ರಿ ಮಲಗಿದ್ದಾಗ ಅವನು ಮಾರಿಸ್‌ನ ಬಾನೆಟ್ ಎತ್ತಿದ. ಕೈ ಸುಮ್ಮನಿರಲಿಲ್ಲ. ಟ್ಯಾಪೆಟ್ ಮುಚ್ಚಳ ಬಿಚ್ಚಿ ಒಂದೊಂದನ್ನೂ ಒಂಚೂರು ಬಿಗಿ ಮಾಡಿದ. ಹೋದ ವರ್ಷದ ಫಿಯಟ್ಟು ನೆನಪಾಗದೆ ಇರಲಿಲ್ಲ. ಒಂಚೂರೇ ಅಲ್ಲವೇ ಅಂದುಕೊಂಡ. ಅಮ್ಮಣ್ಣಿಯವರಿಗೆ ದಾರಿಯಲ್ಲಿ ಗಾಬರಿಯಾಗಬಾರದು. ಗಾಡಿ ಚಿಟಚಿಟ ಅಂದರೆ ಜನ ಮೇಸ್ತ್ರಿಗೆ ಕಿವಿ ಕೇಳಲ್ಲ ಅಂತ ಆಡಿಕೊಂಡಾರು. ಅದು ಬೇಡ.

ಮುಚ್ಚಳ ಹಾಕಿ ಸ್ಟಾರ್ಟ್ ಮಾಡಿದ. ಚಿಟಚಿಟ ಮಾಯವಾಗಿತ್ತು. ಎರಡು ಕೈಯಲ್ಲೂ ಕೆಲಸ ಹಿಡಿದು ಸ್ಕ್ರೂಡ್ರೈವರಿನ ಹಿಡಿಯನ್ನು ಹಲ್ಲಲ್ಲಿ ಕಚ್ಚಿಕೊಂಡು ಬಗ್ಗಿದಾಗ, ಅದರ ತುದಿ ಎಂಜಿನ್ನಿಗೆ ತಾಗಿತು. ಅವನು ಬೆಚ್ಚಿಬಿದ್ದ. ಕಿವಿಯ ಹಂಗಿಲ್ಲದೆ ಹಲ್ಲಿನ ಮೂಲಕವೇ ಇಡೀ ಎಂಜಿನ್ ಅವನ ತಲೆಬುರುಡೆಯೊಳಗೆ ಓಡಿದಂತಾಯಿತು.

ಸಂಜೆ ಮೇಸ್ತ್ರಿ ಹೊಳೆಮೆಟ್ಟಿಲ ಮೇಲೆ ಕೂತಿದ್ದರು. ಮರಿಸ್ವಾಮಿ ಎರಡು ಮೆಟ್ಟಿಲು ಕೆಳಗಿಳಿದು ಅವರ ಎದುರಿಗೆ ಕೂತ.

"ಮೇಸ್ತ್ರಿ, ಬೆಳಿಗ್ಗೆ ನೀವು ಆಫ್ ಮಾಡಿ ಅಂದಾಗ ಗಾಡಿ ಆಗಲೇ ನಿಂತಿತ್ತು."

ಮೇಸ್ತ್ರಿ ಅವನ ತುಟಿಗಳನ್ನೇ ನೋಡುತ್ತಿದ್ದರು. ಆಮೇಲೆ ನೀರಿನ ಕಡೆ ನೋಡಿದರು.

"ಸಿಕ್ಕಿಬಿದ್ನಾ?" ಅಂದರು.

"ಯಾವತ್ತಿಂದ ಮೇಸ್ತ್ರಿ?"

"ಒಂದೇ ಸಲ ಹೋಗಲಿಲ್ಲ ಕಣೋ. ಮೊದಲು ಹೊಳೆ ಸದ್ದು ಹೋಯ್ತು. ಬೇಸಿಗೆ, ನೀರು ಕಮ್ಮಿ ಅಂದ್ಕೊಂಡೆ. ಆಮೇಲೆ ನಿನ್ನ ಮಾತು ಹೋಯ್ತು. ಕೆಲಸ ಕಲಿತು ಗಂಭೀರ ಆದ ಅಂದ್ಕೊಂಡೆ. ಕೊನೇಗೆ ಟ್ಯಾಪೆಟ್ ಸದ್ದು ಹೋದಾಗ ತಪ್ಪನ್ನ ಇನ್ಯಾರ ಮೇಲೂ ಹಾಕೋಕಾಗಲಿಲ್ಲ."

"ನಂಗೊಂದು ಮಾತು ಹೇಳಬಾರದಿತ್ತೇ?"

"ಹೇಳಿದ್ರೆ ನೀನು ಏನ್ಮಾಡ್ತಿದ್ದೆ? ಬಂದವರ ಮುಂದೆ ನನ್ನೂ ಬಿಸಿ ಮಾಡಿ ನಿಲ್ಲಿಸ್ತಿದ್ದೆ."

ಮರಿಸ್ವಾಮಿಗೆ ರೇಗಿತು. ಗುರುವಿನ ಮುಂದೆ ಅವನು ಯಾವತ್ತೂ ದನಿ ಎತ್ತಿದವನಲ್ಲ.

"ನೀವೂ ಮುಚ್ಚಿಟ್ರಲ್ಲ! ಬೆಳಗಿನ ಮುಖ ತೋರಿಸು ಅಂತ ಊರ ಗಾಡಿಗಳಿಗೆಲ್ಲ ಹೇಳಿ ನಿಮ್ಮ ಮುಖಕ್ಕೆ ಮಾತ್ರ ಪೌಡ್ರು ಬಳ್ಕೊಂಡ್ರಲ್ಲ!"

ಮೇಸ್ತ್ರಿ ಟವಲಿನಿಂದ ಮುಖ ಒರೆಸಿಕೊಂಡರು.

"ಹೂಂ. ಅದು ತಪ್ಪೇ" ಅಂದರು. "ಹೆದರಿಕೆ ಕಣೋ ಮರಿ. ಕಿವಿ ಕೇಳದ ಮೇಸ್ತ್ರಿ ಹತ್ರ ಯಾರು ಗಾಡಿ ತರ್ತಾರೆ? ಗಾಡಿಗಳು ಬರದೇ ಇದ್ರೆ ನಾನು ಈ ಮರದ ಕೆಳಗೆ ಯಾತಕ್ಕೆ ಕೂತ್ಕೊಳ್ಳಲಿ?"

ಮರಿಸ್ವಾಮಿಯ ಸಿಟ್ಟು ಇಳಿದುಹೋಯಿತು. ಅವರ ಮೊಣಕಾಲಿಗೆ ಹಣೆಯಿಟ್ಟು ಗೊಳೋ ಎಂದು ಅತ್ತುಬಿಟ್ಟ.

ಮೇಸ್ತ್ರಿ ಅವನ ತಲೆ ಸವರಿದರು.

"ಅಷ್ಟು ಜೋರಾಗಿ ಅಳಬೇಡ್ವೋ, ದಂಡ. ನಂಗೆಲ್ಲಿ ಕೇಳ್ಸುತ್ತೆ?"

ಮರಿಸ್ವಾಮಿಗೆ ಅಳುವಿನ ಮಧ್ಯೆ ನಗು ಬಂತು. ಇಬ್ಬರೂ ನಕ್ಕರು. ಆಮೇಲೆ ಅವನು ಮುಖ ಎತ್ತಿ ಕೇಳಿದ.

"ಬೆಳಿಗ್ಗೆ ಮಡ್‌ಗಾರ್ಡ್ ಮೇಲೆ ಟೀ ಇಟ್ರಲ್ಲ?"

"ಈಗ ಅದೇ ನನ್ನ ಕಿವಿ. ಆದ್ರೆ ಟೀ ಎಲ್ಲಾನೂ ಹೇಳಲ್ಲ. ಎಂಜಿನ್ ನಡುಗ್ತಿದೆ ಅಂತ ಹೇಳುತ್ತೆ. ಯಾಕೆ ನಡುಗ್ತಿದೆ ಅಂತ ನೀನೇ ಹೇಳಬೇಕು."

"ನಾನು ತಪ್ಪಿದ್ರೆ?"

"ಅಮ್ಮಣ್ಣಿ ಬೆಟ್ಟ ಮುಟ್ಟಲ್ಲ."

ಮೇಸ್ತ್ರಿ ಸೊಂಟದ ಪಟ್ಟಿಯಿಂದ ಶೆಡ್ಡಿನ ಬೀಗದ ಕೈ ತೆಗೆದು ಚಾಚಿದರು. ಮರಿಸ್ವಾಮಿ ತಗೊಳ್ಳಲಿಲ್ಲ.

"ಈಗ ಬೇಡ. ಈಗ ಇಬ್ಬರೂ ಬಿಸಿಯಾಗಿದೀವಿ. ಬೆಳಿಗ್ಗೆ ತಣ್ಣಗಾದ ಮೇಲೆ ಕೊಡಿ, ಕೊಡೋದಾದ್ರೆ."

ಮೇಸ್ತ್ರಿಯ ಹುಬ್ಬು ಮೇಲೇರಿತು. ಅವರು ಬೀಗದ ಕೈಯನ್ನು ಮತ್ತೆ ಸೊಂಟಕ್ಕೆ ಸಿಕ್ಕಿಸಿಕೊಂಡರು.

ಬೆಳಿಗ್ಗೆ ಅಮ್ಮಣ್ಣಿಯವರು ತಂಗಿಯ ಜೊತೆ ಬಂದರು. ಒಂದು ಬುಟ್ಟಿ ಸಂಪಿಗೆ ಹೂವು, ಒಂದು ಕ್ಯಾರಿಯರ್ ತುಂಬ ಪುಳಿಯೋಗರೆ. ಇಬ್ಬರೂ ರೇಷ್ಮೆ ಸೀರೆ ಉಟ್ಟಿದ್ದರು.

ಮರಿಸ್ವಾಮಿ ಬಾನೆಟ್ ಮೇಲೆ ಅಂಗೈಯಿಟ್ಟ. ತಣ್ಣಗಿತ್ತು.

ಗಾಡಿ ಕೆಮ್ಮಿತು, ಹತ್ತಿಕೊಂಡಿತು, ಬಾಗಿಲು ತಟ್ಟಿತು. ಮರಿಸ್ವಾಮಿ ಹೆದರಲಿಲ್ಲ. ಸ್ಕ್ರೂಡ್ರೈವರಿಗೆ ಕಿವಿಯಿಟ್ಟು, ಬಡಿತ ಕರಗುವ ತನಕ ತೆಗೆಯಲಿಲ್ಲ. ಕರಗಿದ ಮೇಲೂ ಕೇಳಿದ. ಬೇರಿಂಗ್ ಇರುವ ಕಡೆ ಮತ್ತೆ ಮತ್ತೆ ಕೇಳಿದ.

"ಅಮ್ಮಣ್ಣಿ, ಬೇರಿಂಗ್ ಚೆನ್ನಾಗಿದೆ. ಪಿಸ್ಟನ್ ಸವೆದಿದೆ, ವಾಲ್ವಿನ ಕಡೆ ಎಣ್ಣೆ ಇಳೀತಿದೆ. ಅದು ಇದ್ದೇ ಇರುತ್ತೆ. ನಿಧಾನ ಹೋದ್ರೆ ಬೆಟ್ಟ ಹತ್ತುತ್ತೆ."

ಅವನು ಮೇಸ್ತ್ರಿಗೆ ತನ್ನ ತುಟಿ ಕಾಣುವ ಹಾಗೆ ತಿರುಗಿ ನಿಂತ.

"ಇನ್ನೊಂದು ಮಾತು. ಇದು ನಾನೊಬ್ಬನೇ ಕೇಳಿ ಹೇಳ್ತಿರೋದು. ಮೇಸ್ತ್ರಿಗೆ ಈಗ ಕಿವಿ ಕೇಳಲ್ಲ."

ಮೇಸ್ತ್ರಿ ಅವನ ತುಟಿ ನೋಡುತ್ತಿದ್ದರು. ಅವರ ಮುಖ ಒಂದು ಗಳಿಗೆ ಬಾಡಿತು. ಆಮೇಲೆ ಹೆಗಲಿನಿಂದ ದೊಡ್ಡ ಮೂಟೆ ಇಳಿಸಿದವರ ಹಾಗೆ ಉಸಿರು ಬಿಟ್ಟರು.

"ಗೊತ್ತು ಕಣಪ್ಪ. ಗೊತ್ತಿದ್ದೇ ಬಂದಿದೀವಿ" ಅಂದರು ಅಮ್ಮಣ್ಣಿ. ಆಮೇಲೆ ಎಂಜಿನ್ ಕಡೆ ಕಿವಿ ಕೊಟ್ಟು, "ಆದ್ರೆ ಇವತ್ತು ಯಾಕೋ ತುಂಬ ಮೆತ್ತಗಿದೆ. ಚಿಟಚಿಟಾನೇ ಇಲ್ಲ" ಅಂದರು.

ಮರಿಸ್ವಾಮಿ ಆ ಮಾತು ಕೇಳದವನ ಹಾಗೆ ಮೇಸ್ತ್ರಿಯ ಹತ್ತಿರ ಹೋದ. ಸ್ಕ್ರೂಡ್ರೈವರನ್ನು ಅವರ ಕೈಗಿಟ್ಟು, ಹಿಡಿಯನ್ನು ಹಲ್ಲಲ್ಲಿ ಕಚ್ಚುವ ಹಾಗೆ ಮಾಡಿ ತೋರಿಸಿದ.

"ಏನೋ ಇದು? ನಾಯಿ ಮೂಳೆ ಕಚ್ಕೊಂಡ ಹಂಗೆ?"

"ಒಂದು ಸಲ ಕಚ್ಚಿ ಮೇಸ್ತ್ರಿ. ನಿಮ್ಮ ದಮ್ಮಯ್ಯ."

ಮೇಸ್ತ್ರಿ ಗೊಣಗಿಕೊಂಡೇ ಬಗ್ಗಿದರು. ತುದಿಯನ್ನು ಎಂಜಿನ್ನಿಗೆ ಊರಿದರು. ಹಿಡಿಯನ್ನು ಹಲ್ಲುಗಳ ನಡುವೆ ಕಚ್ಚಿದರು.

ಅವರ ಗೊಣಗಾಟ ನಿಂತಿತು.

ಕಣ್ಣು ಮುಚ್ಚಿತು. ಮುಚ್ಚಿದ ರೆಪ್ಪೆಗಳ ಕೆಳಗಿಂದ ನೀರು ಇಳಿದು ಬಿಳಿ ಗಡ್ಡಕ್ಕೆ ಸೇರಿತು. ಅವರು ಒರೆಸಿಕೊಳ್ಳಲಿಲ್ಲ. ತುದಿಯನ್ನು ಒಂದು ಸಿಲಿಂಡರಿನಿಂದ ಇನ್ನೊಂದಕ್ಕೆ, ಬೇರಿಂಗಿನಿಂದ ವಾಲ್ವಿಗೆ ಸರಿಸುತ್ತಾ ಹೋದರು. ಎಷ್ಟೋ ಕಾಲದ ಮೇಲೆ ಸಿಕ್ಕಿದ ಗೆಳೆಯರನ್ನು ಒಬ್ಬೊಬ್ಬರನ್ನಾಗಿ ಮಾತಾಡಿಸುವ ಹಾಗಿತ್ತು. ಅಮ್ಮಣ್ಣಿಯವರ ತಂಗಿ ಸೆರಗಿನಿಂದ ಮೂಗೊರೆಸಿಕೊಂಡರು. ಮರಿಸ್ವಾಮಿ ಕೈಮುಗಿದು ನಿಂತಿದ್ದ.

ಕೊನೆಗೆ ಮೇಸ್ತ್ರಿ ನೆಟ್ಟಗೆ ನಿಂತರು. ಬಾಯಿಂದ ಹಿಡಿ ತೆಗೆದು ಹೆಗಲಿನ ಟವಲಿನಿಂದ ಒರೆಸಿದರು. ಸೊಂಟದ ಬೀಗದ ಕೈಯನ್ನೂ ತೆಗೆದು ಎರಡನ್ನೂ ಶಿಷ್ಯನ ಕೈಗಿಟ್ಟರು. ಅವನ ಭುಜ ಹಿಡಿದು ಹತ್ತಿರಕ್ಕೆಳೆದುಕೊಂಡರು.

"ಬೇರಿಂಗ್ ಸರಿಯಾಗೇ ಹೇಳಿದೀಯ. ಟ್ಯಾಪೆಟ್ ಯಾಕೋ ಬಿಗಿ ಮಾಡಿದೆ? ಅಮ್ಮಣ್ಣಿ ಹೊರಡೋಕೆ ಮುಂಚೆ ಸಡಿಲ ಮಾಡು. ಮಾತಾಡ್ಲಿ ಅದು."